ಕಮರುನ್ನೀಸಾ ಕೂಸಿಗೆ ನೀರೆರೆದದ್ದು

ಕೂಡ್ಲಿಗಿಯ ಆ ಓಣಿಯಲ್ಲಿ ಬಾಣಂತನದ ಸಂಗತಿ ಏನಿದ್ದರೂ ಕಮರುನ್ನೀಸಾಳನ್ನು ಕೇಳಬೇಕು ಎಂಬ ಮಾತಿತ್ತು. ಅಂಟಿನುಂಡೆಗೆ ಎಷ್ಟು ಒಣಕೊಬ್ಬರಿ, ಬಾಣಂತಿಯ ಸಾರಿಗೆ ಎಷ್ಟು ಮೆಣಸು, ಹಾಲು ಇಳಿಯದಿದ್ದರೆ ಸಬ್ಬಸಿಗೆಯೋ ಮೆಂತ್ಯವೋ, ಎಲ್ಲ ಅವಳಿಗೆ ಬಾಯಿಪಾಠ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮೊದಲು ಅವಳ ಮನೆಯಿಂದ ಒಂದು ಡಬ್ಬಿ ಅಂಟಿನುಂಡೆ ಹೋಗುತ್ತಿತ್ತು. ಆದರೆ ಡಬ್ಬಿ ಕೊಟ್ಟು, ಬಾಣಂತಿಯ ಹಣೆ ಮುಟ್ಟಿ ನೋಡಿ, ಆಕೆ ಬಾಗಿಲ ಕಡೆಗೇ ತಿರುಗುವಳು. "ಕೂಸು ಎತ್ಕೊಳ್ರಿ" ಎಂದರೆ ಸೆರಗು ಕೊಡವಿ, "ಒಲಿ ಮ್ಯಾಲ ಹಾಲು ಇಟ್ಟು ಬಂದೀನವ್ವಾ" ಎನ್ನುವಳು. ಇಪ್ಪತ್ತನಾಲ್ಕು ವರ್ಷ ಅವಳ ಒಲೆಯ ಮೇಲೆ ಅದೇ ಹಾಲು ಇತ್ತು. ಉಕ್ಕಲೂ ಇಲ್ಲ, ಆರಲೂ ಇಲ್ಲ.

ಓಣಿಗೆ ಕಾರಣ ಗೊತ್ತಿತ್ತು, ಹಾಗಾಗಿ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಕಮರುನ್ನೀಸಾ ತನ್ನನ್ನು ತಾನು ಒಂದೇ ಹೆಸರಿನಿಂದ ಕರೆದುಕೊಳ್ಳುತ್ತಿದ್ದಳು: ಕೂಸಿನ ಕೈ ಸುಟ್ಟಾಕಿ. ಬಾಯಿಬಿಟ್ಟು ಹೇಳಿದ್ದು ಕಡಿಮೆ. ಒಳಗೊಳಗೆ ಮಾತ್ರ ನಮಾಜಿನಂತೆ ದಿನಕ್ಕೆ ಐದು ಹೊತ್ತು.

ನಡೆದದ್ದು ಇಷ್ಟು. ಅವಳ ಗಂಡ ಅಹಮದಸಾಬ ಆಗ ಕಲಾಯಿಗಾರ. ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಹೊಸಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಊರೆಲ್ಲ ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ತವರ ಹಚ್ಚುತ್ತಿದ್ದ. ಎಪ್ಪತ್ತೆಂಟರ ಒಂದು ಮುಂಜಾನೆ ಪಕ್ಕದ ಮನೆಯ ಪಂಪಮ್ಮನ ಕೊಡ ಪಾತ್ರೆಗಳಿಗೆ ಅಂಗಳದಲ್ಲೇ ಕಲಾಯಿ ಮಾಡಿಕೊಟ್ಟು ಹೊಸಹಳ್ಳಿ ಸಂತೆಗೆ ಹೋದ. ಕಲಾಯಿಗೆ ತೋಡಿದ ಕುಳಿಯಲ್ಲಿ ಇದ್ದಿಲು ಉಳಿದಿತ್ತು. ಮನೆಯಲ್ಲಿ ಮೂವತ್ತಮೂರು ದಿನದ ಚೊಚ್ಚಲ ಕೂಸು ಅಸ್ಫಿಯಾ. ಅತ್ತೆ ನೀರೆರೆದು ಕೂಸನ್ನು ಕಮರುನ್ನೀಸಾಳ ತೊಡೆಯ ಮೇಲೆ ಹಾಕಿ ಒಳಗೆ ಹೋದರು. ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಾಕಬೇಕಲ್ಲ, ಆದರೆ ರಾತ್ರಿಯ ಮಳೆಗೆ ಕುಳ್ಳೆಲ್ಲ ನೆನೆದಿದ್ದವು. ಇದ್ದ ಕೆಂಡ ಬಿಟ್ಟು ಇಲ್ಲದ ಕುಳ್ಳಿಗೆ ಯಾಕೆ ಅಲೆಯಬೇಕೆಂದು ಕಮರುನ್ನೀಸಾ ಆಗಲೇ ಕುಳಿಯಿಂದ ನಾಲ್ಕು ಕೆಂಡ ತಂದು ಅಗ್ಗಿಷ್ಟಿಕೆಗೆ ಹಾಕಿಕೊಂಡಿದ್ದಳು.

ಸಗಣಿಯ ಕುಳ್ಳಿನ ಕೆಂಡ ಬಡಪಾಯಿ. ಬೂದಿ ಬಂತೆಂದರೆ ಮುಗಿಯಿತು. ಕಲಾಯಿಗೆ ಬಳಸುವ ಜಾಲಿ ಇದ್ದಿಲು ಹಾಗಲ್ಲ. ಮೇಲೆ ಬೂದಿ ಹೊದ್ದು ಮಲಗಿದ್ದರೂ ಒಳಗೆ ತವರ ಕರಗಿಸುವ ಕಾವು ಇಟ್ಟುಕೊಂಡಿರುತ್ತದೆ. ಬೂದಿ ಮುಚ್ಚಿದ ಕೆಂಡ ಎಂದು ಊರ ಜನರೆಲ್ಲ ಮನುಷ್ಯರ ಮೇಲೆ ಮಾತಾಡಿದ್ದೇ ಆಡಿದ್ದು. ಕಲಾಯಿಗಾರನ ಹೆಂಡತಿಗೆ ಆ ಹೊತ್ತು ಕೆಂಡದ ಮೇಲೆಯೇ ಅದು ನೆನಪಾಗಲಿಲ್ಲ. ಬೂದಿ ನೋಡಿ, ತಣ್ಣಗಾಗಿದೆ ಎಂದು ಅಗ್ಗಿಷ್ಟಿಕೆಯನ್ನು ತೊಡೆಯ ಹತ್ತಿರಕ್ಕೇ ಎಳೆದುಕೊಂಡಳು. ಲೋಬಾನದ ಪುಡಿಗೆ ಕೈ ಚಾಚಿದಳು. ಕೂಸು ಹೊರಳಿತು. ಸುತ್ತಿದ ಬಟ್ಟೆಯಿಂದ ಜಾರಿದ ಎಡಗೈ ಕೆಂಡದೊಳಗೆ ಹೋಯಿತು.

ಮೂರು ತಿಂಗಳು ಪಟ್ಟಿ ಕಟ್ಟಿದರು. ಬಿಚ್ಚಿದಾಗ ಕೂಸಿನ ಕಿರುಬೆರಳೂ ಉಂಗುರದ ಬೆರಳೂ ಒಂದಕ್ಕೊಂದು ಕೂಡಿಕೊಂಡಿದ್ದವು, ಹೊರಗೈ ಮೇಲಿನ ಚರ್ಮ ಸುಕ್ಕಾಗಿ ಬಿಗಿದಿತ್ತು. ಕಮರುನ್ನೀಸಾ ಆ ದಿನದಿಂದ ಕೂಸುಗಳನ್ನು ಎತ್ತಿಕೊಳ್ಳುವುದನ್ನು ಬಿಟ್ಟಳು. ಅಸ್ಫಿಯಾ ಬೆಳೆದದ್ದು ತಾನು ದಾದಿ ಎನ್ನುತ್ತಿದ್ದ ಅಜ್ಜಿಯ ಸೊಂಟದ ಮೇಲೆ. ಮೂರು ವರ್ಷದ ನಂತರ ಹುಟ್ಟಿದ ಮಗ ಅಮ್ಜದನಿಗೂ ಪಂಪಮ್ಮನೇ ನೀರೆರೆದಳು. ಹಾಲು ಕುಡಿಸುವ ಹೊತ್ತಿಗೆ ಅತ್ತೆ ತಂದು ಮಡಿಲಿಗೆ ಹಾಕಬೇಕು, ಮುಗಿದ ಕೂಡಲೇ ಎತ್ತಿಕೊಂಡು ಹೋಗಬೇಕು. ನಡುವೆ ಕಮರುನ್ನೀಸಾ ಉಸಿರು ಹಿಡಿದು ಕೂತಿರುತ್ತಿದ್ದಳು.

ಇನ್ನು ಅಹಮದಸಾಬನ ವಿಚಾರ. ಹೆಂಡತಿ ಆ ಕೈಯನ್ನು ನೋಡಿ ಕುಗ್ಗಿದಷ್ಟೂ ಆತ ಅದೇ ಕೈ ತೋರಿಸಿ ಜಂಬ ಕೊಚ್ಚುತ್ತಿದ್ದ. ಸ್ಟೀಲು ಪಾತ್ರೆ ಬಂದು ಕಲಾಯಿ ಕೆಲಸಕ್ಕೆ ಮಣ್ಣು ಬಿದ್ದಾಗ, ಆತ ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಊರ ಸುತ್ತ ಬೋರುಗಳು ಏಳುತ್ತಿದ್ದವು, ಬೋರಿಗೊಂದು ಮೋಟರು, ಮೋಟರು ಅಂದ ಮೇಲೆ ಸುಡುವುದು ಇದ್ದೇ ಇದೆ. ಹೊಸಪೇಟೆಯಲ್ಲಿ ಆರು ತಿಂಗಳಿದ್ದು ವೈಂಡಿಂಗ್ ಕಲಿತು ಬಂದ. ಸುಟ್ಟ ಮೋಟರಿನ ಹೊಟ್ಟೆ ಬಿಚ್ಚಿ, ಹಳೆ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಒಂದೊಂದು ಸೀಳಿನಲ್ಲೂ ಲೆಕ್ಕ ತಪ್ಪದೆ ತುಂಬುವ ಕೆಲಸ. ತೊಂಬತ್ತೊಂದರಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟ. ಹನ್ನೆರಡು ವರ್ಷದ ಅಸ್ಫಿಯಾ ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ಕೂತಳು, ಕೂತವಳು ಏಳಲಿಲ್ಲ.

ಅವಳಿಗೆ ಹದಿನೈದು ವರ್ಷವಿದ್ದಾಗ ಚಿಗಟೇರಿಯಿಂದ ಗಾದೆಪ್ಪ ಎಂಬ ರೈತ ಗಾಡಿಯಲ್ಲಿ ಮೋಟರು ಹಾಕಿಕೊಂಡು ಬಂದ. ಹರಪನಹಳ್ಳಿ ಕಡೆ ಎರಡು ಸಲ ಕಟ್ಟಿಸಿ ಎರಡು ಸಲವೂ ಸುಟ್ಟಿದ್ದ ಮೋಟರು ಅದು. ಇಲ್ಲಿ ನೋಡಿದರೆ ಜಡೆ ಹಾಕಿದ ಹುಡುಗಿ, ಅದೂ ಒಂದು ಕೈ ಊನ.

"ಸಾಹೇಬ್ರ, ನಾ ಗಂಗಿ ಪೂಜಿ ಮಾಡ್ಸಿ ಮೋಟರ್ ಇಳಿಸೀನಿ. ಈ ಹುಡುಗಿ ಕೈಯಾಗ ಕೊಟ್ರ ಹೆಂಗ್ರಿ?" ಎಂದ.

"ಬೆಂಕಿ ಕಂಡ ಕೈ ಐತಿ ಅದು," ಎಂದ ಅಹಮದಸಾಬ. "ಸುಟ್ಟ ಮೋಟರ್ ಸಂಕಟ ಅದಕ್ಕ ಗೊತ್ತಾಗೂದಷ್ಟು ನನ್ ಕೈಗೂ ಗೊತ್ತಾಗಂಗಿಲ್ಲ ಗಾದೆಪ್ಪಾ. ಚಹಾ ಕುಡಿ, ಕುಂದುರು."

ಅಸ್ಫಿಯಾ ಎರಡು ದಿನ ತಗೊಂಡಳು. ಹಳೆ ತಂತಿ ಕೀಳುವಾಗ, ಹಿಂದಿನವರು ಒಂದು ಸೀಳಿನಲ್ಲಿ ತಂತಿ ಕಬ್ಬಿಣಕ್ಕೆ ತಾಕದಂತೆ ಹಾಸಿದ ಹಾಳೆ ಹರಿದಿದ್ದನ್ನು ನೋಡದೆ ಅದರ ಮೇಲೇ ತಂತಿ ತುಂಬಿದ್ದು ಅವಳ ಕಣ್ಣಿಗೆ ಬಿತ್ತು. ಆ ಮೋಟರು ಮುಂದೆ ಏಳು ವರ್ಷ ಓಡಿತು. ಅಲ್ಲಿಂದ ಮುಂದೆ ಹರಪನಹಳ್ಳಿ ಸೀಮೆಯವರೂ ದಾವಣಗೆರೆ ರಸ್ತೆ ಬಿಟ್ಟು ಕೂಡ್ಲಿಗಿಗೆ ಬಂದು, "ಬೆಂಕಿ ಕೈ ಹುಡುಗಿ ಅದಾಳೇನ್ರಿ?" ಎಂದು ಕೇಳುವುದು ಶುರುವಾಯಿತು.

ಊಟ ತಂದ ಕಮರುನ್ನೀಸಾ ಅಂಗಡಿಯ ಪರದೆಯ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಹೆಮ್ಮೆಯಿಂದ ಎದೆ ಉಬ್ಬುತ್ತಿತ್ತು, ಮರುಗಳಿಗೆಗೇ ಚುಚ್ಚುತ್ತಿತ್ತು. ಹೆಂಡತಿಯ ತಪ್ಪನ್ನು ಮುಚ್ಚಲು ಗಂಡ ಇಷ್ಟು ದೊಡ್ಡ ಕತೆ ಕಟ್ಟಬೇಕಾಯಿತಲ್ಲ ಎಂದು ಅವಳ ಎಣಿಕೆ. ಹೆಣ್ಣು ನೋಡಲು ಕೊಟ್ಟೂರಿನಿಂದ ಬಂದಾಗಲೂ ಹಾಗೆಯೇ. "ದುಪಟ್ಟಾ ಒಳಗ ಇಟ್ಕೊ ಕೈನ" ಎಂದು ಇವಳು ಪಿಸುಗುಟ್ಟಿದರೆ, ಅಸ್ಫಿಯಾ ತಟ್ಟೆ ಇಳಿಸಿ ಎಡಗೈಯನ್ನು ಹುಡುಗನ ಮುಂದೆಯೇ ಚಾಚಿ, "ನೋಡ್ಕೊಳ್ರಿ, ಆಮ್ಯಾಲ ಹೇಳ್ಲಿಲ್ಲ ಅನ್ಬ್ಯಾಡ್ರಿ. ನನ್ ಜೊತಿಗೆ ನನ್ ಅಂಗಡಿನೂ ಬರ್ತೈತಿ" ಎಂದಿದ್ದಳು. ಹುಡುಗ ಅಶ್ಫಾಕ, ಟ್ರ್ಯಾಕ್ಟರ್ ಮೆಕ್ಯಾನಿಕ್, ನಕ್ಕುಬಿಟ್ಟ. ನಿಕಾಹ್ ಆಗಿ ವರ್ಷ ತುಂಬುವುದರೊಳಗೆ ಕೊಟ್ಟೂರಿನಲ್ಲಿ 'ಅಸ್ಫಿಯಾ ವೈಂಡಿಂಗ್ ವರ್ಕ್ಸ್' ಎಂಬ ಬೋರ್ಡು ಎದ್ದಿತು. ಅಂಥ ಮಗಳನ್ನು ಹೆತ್ತವಳು ಆ ಬೋರ್ಡಿನ ಕೆಳಗೆ ನಿಂತು ನೋಡಿದ್ದು ಮಾತ್ರ ಮಗಳ ಬೆರಳನ್ನು.

ಎರಡು ಸಾವಿರದ ಮೂರರ ಜನವರಿಯಲ್ಲಿ ಅಸ್ಫಿಯಾ ತವರಿಗೆ ಹೆರಿಗೆಗೆ ಬಂದು ಹೆಣ್ಣು ಹೆತ್ತಳು. ಮುಸ್ಕಾನ್ ಎಂದು ಹೆಸರಿಟ್ಟರು. ಕಮರುನ್ನೀಸಾ ಬಾಣಂತಿಯ ಆರೈಕೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮೊಮ್ಮಗಳನ್ನು ಮಾತ್ರ ಮೂರು ಮೊಳ ದೂರದಿಂದ ನೋಡುವಳು. ನೀರೆರೆಯಲು ಮುಂಜಾನೆ ಪಂಪಮ್ಮ ಬರುವಳು, ಅರವತ್ತು ದಾಟಿದ್ದರೂ ಕೂಸನ್ನು ಕಾಲ ಮೇಲೆ ಹಾಕಿಕೊಂಡರೆ ಹಿಟ್ಟು ನಾದಿದಂತೆ ನಾದುವಳು. ಹದಿನಾರು ದಿನ ಹೀಗೆ ಸಾಗಿತು. ಹದಿನೇಳನೆಯ ದಿನ ಪಂಪಮ್ಮ ನಲ್ಲಿಯ ಕಟ್ಟೆಯ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಸುದ್ದಿ ಕೊಟ್ಟೂರು ಮುಟ್ಟಿತು. ಅಶ್ಫಾಕನ ತಾಯಿ ಫೋನು ಮಾಡಿದರು: ಎರೆಯುವವರಿಲ್ಲದಿದ್ದರೆ ಬಾಣಂತಿ ಕೂಸು ಇಬ್ಬರನ್ನೂ ಇಲ್ಲಿಗೆ ಕಳಿಸಿ, ನಾನು ಗಟ್ಟಿಯಾಗಿದ್ದೇನೆ, ಶುಕ್ರವಾರ ಹುಡುಗ ಗಾಡಿ ತರುತ್ತಾನೆ. ಕಮರುನ್ನೀಸಾ ಗುರುವಾರ ಮಧ್ಯಾಹ್ನ ಮಗಳ ಬಟ್ಟೆ ಮಡಿಸಿ ಚೀಲಕ್ಕೆ ತುಂಬತೊಡಗಿದಳು. ಅಸ್ಫಿಯಾ ಮಂಚದ ಮೇಲೆ ಕೂತು ನೋಡುತ್ತಿದ್ದಳು.

"ಬಿಡು ಅಮ್ಮೀ. ನಲವತ್ತು ದಿನ ತುಂಬದ ನಾ ಎಲ್ಲಿಗೂ ಹೋಗಂಗಿಲ್ಲ. ನಾಳಿಂದ ನೀ ಎರಿ."

"ಹುಚ್ಚು ಹಿಡಿದೈತೇನ ನಿನಗ?"

"ನನಗ ಸ್ವಲ್ಪ ಹೊತ್ತು ಕುಂತ್ರ ಸಾಕು ಹೊಟ್ಟಿ ನೋಯ್ತೈತಿ, ಬಗ್ಗಾಕ ಬರಂಗಿಲ್ಲ. ಇಲ್ದಿದ್ರ ನಾನ ಎರೀತಿದ್ದೆ."

"ಅವ್ರ ಮನ್ಯಾಗ ಚೊಲೊ ನೋಡ್ಕೊಂತಾರ. ಹೋಗು ತಾಯಿ." ಕಮರುನ್ನೀಸಾಳ ಕೈ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಿತ್ತು.

"ಹೋಗ್ತೀನಿ. ಆದ್ರ ಒಂದು ಮಾತು. ನಾಳಿ ಇದನ್ನ ಎತ್ಕೊಳ್ಳದ ಕಳಿಸಿದ್ರ, ಮುಂದ ಬಂದಾಗ ಇದು ಓಡಾಡ್ತಿರ್ತೈತಿ. ನಿನ್ನ ತೊಡಿ ಹೆಂಗಿರ್ತೈತಿ ಅಂತ ಗೊತ್ತಿಲ್ದ ಬೆಳೀತೈತಿ. ನಾ ಬೆಳೆದಂಗ."

ಈ ಕೊನೆಯ ಮಾತು ಕಮರುನ್ನೀಸಾಳಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಚೀಲ ಬಿಟ್ಟು ನೆಲದ ಮೇಲೆ ಕೂತಳು.

"ಆ ಬೆರಳು ನೋಡ್ದಾಗೆಲ್ಲ ನನ್ನ ಕರುಳು ಸುಡತೈತಿ," ಎಂದಳು. "ಬ್ಯಾರೆ ಹೆಂಗಸಾಗಿದ್ರ ಗೊತ್ತಿರ್ಲಿಲ್ಲ ಅನ್ನಬೋದಿತ್ತು. ಕಲಾಯಿಗಾರನ ಹೇಣ್ತಿ ನಾನು. ಜಾಲಿ ಕೆಂಡ ಗೊತ್ತಿರ್ಲಿಲ್ಲ ಅಂದ್ರ ಅಲ್ಲಾ ನಂಬ್ತಾನೇನು? ನಿನ್ ಬೆರಳು ನಾ ತಿಂದೆ ಅಸ್ಫಿಯಾ."

"ಬೆರಳಿಗೆ ನಾ ಎಂದೂ ಅತ್ತಿಲ್ಲ ಅಮ್ಮೀ. ನೀ ಎತ್ಕೊಳ್ಳೂದ ಬಿಟ್ಟಿದ್ದಕ್ಕ ಅತ್ತೀನಿ. ದಾದಿ ಸೆರಗು ಕಚ್ಕೊಂಡು ಅತ್ತೀನಿ. ನಿನಗ ಕೇಳಿಸ್ಬಾರ್ದಂತ."

ಕೂಸು ನಿದ್ದೆಯಲ್ಲಿ ಮುಖ ಸಿಂಡರಿಸಿ ಮತ್ತೆ ಸಡಿಲಿಸಿತು.

"ಅಬ್ಬಾ ಹೇಳೂದು ನಂಬಬ್ಯಾಡ," ಅಸ್ಫಿಯಾ ತಗ್ಗಿದ ದನಿಯಲ್ಲಿ ಮುಂದುವರಿಸಿದಳು. "ಬೆಂಕಿ ಕೈಗೆ ತಂತಿ ತಾನ ಒಲೀತೈತಿ ಅಂತಾನ. ಸುಳ್ಳು. ಈ ಎರಡು ಬೆರಳಾಗ ಬಿಗಿ ನಿಲ್ಲಂಗಿಲ್ಲ, ಚಳಿಗೆ ಹಿಡ್ಕೊಂತಾವು. ಮೊದಲ ವರ್ಷ ಸುತ್ತಿದ್ದೆಲ್ಲ ಬಿಚ್ಚಿ ಬಿಚ್ಚಿ ಮತ್ತ ಸುತ್ತೀನಿ. ಹೆಬ್ಬೆರಳಿಂದ ಒತ್ತಿ ಹಿಡಿಯೂದು ನಾನ ಕಂಡ್ಕೊಂಡಿದ್ದು. ಆದ್ರ ಯಾಕ ಬಿಡ್ಲಿಲ್ಲ ಹೇಳ್ಲಾ? ಹತ್ತು ವರ್ಷ ಇದ್ದಾಗ ಪಂಪಮ್ಮಜ್ಜಿನ್ನ ಕೇಳಿದ್ದೆ, ಆ ದಿನ ಏನಾತು ಅಂತ. ಅಕಿ ಬಾಗಲದಾಗ ನಿಂತು ನೋಡಿದ್ಲಂತ. ಅಗ್ಗಿಷ್ಟಿಗಿ ಪಕ್ಕಕ್ಕ ಅಬ್ಬಾನ ಇಕ್ಕಳ ಬಿದ್ದಿತ್ತಂತ. ನೀ ಇಕ್ಕಳ ನೋಡ್ಲಿಲ್ಲಂತ. ಚೀರಲೂ ಇಲ್ಲಂತ. ನನ್ ಕೈ ಮ್ಯಾಲ ಅಂಟಿದ್ದ ಕೆಂಡಾನ ಬರೇ ಕೈಲೆ ಹಿಡಿದು ತೆಗೆದು ಒಗದ್ಯಂತ."

ಕಮರುನ್ನೀಸಾ ತನ್ನ ಬಲಗೈ ನೋಡಿಕೊಂಡಳು. ಅಂಗೈಯಲ್ಲಿ ಗೆರೆಗಳೇ ಇಲ್ಲದ, ರೂಪಾಯಿಯಗಲದ ನುಣ್ಣನೆ ಜಾಗ. ಆ ಕೈಲೇ ಇಪ್ಪತ್ತನಾಲ್ಕು ವರ್ಷ ರೊಟ್ಟಿ ಬಡಿದಿದ್ದಾಳೆ. ಅದನ್ನು ಯಾರಾದರೂ ಲೆಕ್ಕಕ್ಕೆ ಹಿಡಿದಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಹೆಣ್ಣು ಮೋಟರ್ ಮುಟ್ಟಬಾರ್ದು ಅಂತ ಮಂದಿ ನಕ್ಕಾಗ, ಬೆರಳು ಕೇಳದ ಇದ್ದಾಗ, ನಾ ಏನ್ ಅಂದ್ಕೊಂತಿದ್ದೆ ಗೊತ್ತೈತಾ? ನಾ ಬರೇ ಕೈಲೆ ಕೆಂಡ ತೆಗೆದಾಕಿ ಮಗಳು. ನನಗೇನ್ ಆಗ್ತೈತಿ?"

"ಕೆಂಡದಾಗ ಹಾಕಿದಾಕಿನೂ ನಾನ ಅಲ್ಲೇನು?" ಕಮರುನ್ನೀಸಾ ಸಿಟ್ಟಿನಿಂದಲೇ ಕೇಳಿದಳು. ಇಷ್ಟು ವರ್ಷ ಹೊತ್ತ ಭಾರವನ್ನು ಯಾರೋ ಒಂದೇ ಮಾತಿಗೆ ಇಳಿಸುತ್ತೇವೆಂದರೆ ಸಿಟ್ಟೇ ಬರುತ್ತದೆ.

"ಹೌದು, ನೀನ. ನಾ ಇಲ್ಲ ಅಂದ್ನೇನು? ಅದನ್ನ ಇಟ್ಕೊ ಬೇಕಂದ್ರ. ಆದ್ರ ಅದೊಂದ ಇಟ್ಕೊಂಡು ಕೆಂಡ ತೆಗೆದಿದ್ದನ್ನ ಯಾಕ ಒಗದಿ?"

ಕಮರುನ್ನೀಸಾ ಎದ್ದು ಅಡುಗೆಮನೆಗೆ ಹೋದಳು. ಅರ್ಧ ತುಂಬಿದ ಚೀಲ ಅಲ್ಲೇ ಇತ್ತು. ಸಂಜೆ ಅಹಮದಸಾಬ ಬಂದು ಚೀಲವನ್ನೂ ಹೆಂಡತಿಯ ಮುಖವನ್ನೂ ನೋಡಿ, ಬಲ್ಲವನಾದ್ದರಿಂದ, ತಾನೇ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತ.

ಶುಕ್ರವಾರ ಮುಂಜಾನೆ ಎಂಟಕ್ಕೇ ಅಶ್ಫಾಕನ ಗಾಡಿ ಬಾಗಿಲಿಗೆ ಬಂದು ನಿಂತಿತು. ಒಳಗೆ ಬಂದವನನ್ನು ಮಾವ ತಡೆದು ಕೂರಿಸಿದ. "ಚಹಾ ಕುಡಿ. ಒಳಗ ಏನೋ ನಡದೈತಿ, ನಡುವ ಬಾಯಿ ಹಾಕಬ್ಯಾಡ" ಎಂದ. ಅಷ್ಟರಲ್ಲಿ ಹಿತ್ತಲಿನಿಂದ ಹೊಗೆ ಎದ್ದಿತು. ಕಮರುನ್ನೀಸಾ ಹಂಡೆಗೆ ಉರಿ ಹಾಕಿದ್ದಳು.

ಕೈಗೆ ಪ್ಲಾಸ್ಟರು ಹಾಕಿಕೊಂಡ ಪಂಪಮ್ಮ, ಸುದ್ದಿ ಹೇಗೆ ತಿಳಿಯಿತೋ, ಬಂದು ಬಚ್ಚಲ ಹೊಸ್ತಿಲ ಮೇಲೆ ಠಿಕಾಣಿ ಹೂಡಿದಳು. "ನೀರು ಮೊಣಕೈಲೆ ನೋಡು. ಕಾಲು ಇನ್ನಷ್ಟು ಚಾಚು. ಏನವ್ವಾ, ಮಂದಿಗೆಲ್ಲ ಬಾಣಂತನ ಹೇಳಿಕೊಡಾಕಿ ಇವತ್ತ ಕಲ್ಯಾಕ ಕುಂತಾಳ!" ಎಂದು ಕಾಡಿದಳು. ಕಮರುನ್ನೀಸಾ ನಗಲಿಲ್ಲ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಮಣೆಯ ಮೇಲೆ ಕೂತು, ಕಾಲು ಚಾಚಿದಳು. ನೀರನ್ನು ಒಂದಲ್ಲ, ನಾಲ್ಕು ಸಲ ನೋಡಿದಳು. ಲೋಬಾನಕ್ಕೆಂದು ಪಕ್ಕದಲ್ಲಿಟ್ಟ ಅಗ್ಗಿಷ್ಟಿಕೆಯನ್ನು ಕಾಲಿನಿಂದ ತಳ್ಳಿ ಗೋಡೆಗೆ ಮುಟ್ಟಿಸಿದಳು.

"ತಾ" ಎಂದಳು.

ಅಸ್ಫಿಯಾ ಮಗುವನ್ನು ತಾಯಿಯ ಕಾಲ ಮೇಲೆ ಮಲಗಿಸಿ, ಹಿಂದೆ ಸರಿದು, ಬಾಗಿಲ ಪಡಿಗೆ ಒರಗಿ ನಿಂತಳು. ಕೂಸಿನ ಬೆಚ್ಚನೆ ಬೆನ್ನು ತಾಕಿದ್ದೇ ತಡ, ಕಮರುನ್ನೀಸಾ ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಣ್ಣೆ ತಿಕ್ಕಿದಳು. ಕಡಲೆಹಿಟ್ಟು ಹಚ್ಚಿದಳು. ಕಾಲು, ತೊಡೆ, ಹೊಟ್ಟೆ. ಕುತ್ತಿಗೆಯ ಮಡಿಕೆಗೆ ಬಂದಾಗ ಬೆರಳುಗಳಿಗೆ ತಮ್ಮಷ್ಟಕ್ಕೇ ದಾರಿ ಗೊತ್ತಿರುವುದು ಕಂಡು ಅವಳಿಗೆ ಆಶ್ಚರ್ಯವಾಯಿತು. ಒಂದು ಚೊಂಬು ನೀರು ಬಿತ್ತು. ಮುಸ್ಕಾನ್ ಓಣಿಯೆಲ್ಲ ಕೇಳುವಂತೆ ಕಿರುಚಿದಳು. "ಅಳಲಿ ಬಿಡು, ಎದಿ ಗಟ್ಟಿ ಆಗ್ತೈತಿ" ಎಂದಳು ಪಂಪಮ್ಮ.

ಬೆನ್ನು ತೊಳೆಯಲು ಕೂಸನ್ನು ಬೋರಲು ಹಾಕುವಾಗ ಅದು ಒದೆಯಿತು. ಎಣ್ಣೆ, ಹಿಟ್ಟು, ನೀರು ಮೂರೂ ಸೇರಿದ ಮೈ. ಸರ್ರನೆ ಮೊಣಕಾಲಿನಿಂದ ಪಕ್ಕಕ್ಕೆ ಜಾರಿತು. ಪಂಪಮ್ಮ "ಅಯ್ಯಯ್ಯೋ!" ಎಂದು ಅರ್ಧ ಎದ್ದಳು. ಕಮರುನ್ನೀಸಾಗೆ ಏನಾಯಿತೆಂದು ತಿಳಿಯುವ ಮೊದಲೇ ಅವಳ ಬಲಗೈ ಕೂಸಿನ ಎದೆಯ ಕೆಳಗಿತ್ತು. ನೆಲಕ್ಕೂ ಕೂಸಿಗೂ ಒಂದು ಗೇಣು ಉಳಿದಿತ್ತು. ಎತ್ತಿ ಎದೆಗೆ ಅವುಚಿಕೊಂಡಳು. ರವಿಕೆ, ಸೆರಗು ಎಲ್ಲ ಒದ್ದೆ.

ತಲೆ ಎತ್ತಿ ನೋಡಿದರೆ ಅಸ್ಫಿಯಾ ನಿಂತಲ್ಲೇ ನಿಂತಿದ್ದಳು. ಒರಗಿದ ಪಡಿಯಿಂದ ಬೆನ್ನು ಸಹ ಎತ್ತಿರಲಿಲ್ಲ.

"ಅಲ್ಲಲೇ," ಕಮರುನ್ನೀಸಾ ಏದುಸಿರಿನಲ್ಲೇ ಗದರಿದಳು, "ಕೂಸು ಜಾರಿತಲ್ಲ! ಹೆತ್ತಾಕಿ ಆಗಿ ಕಲ್ಲಿನಂಗ ನಿಂತಿ? ಯಾಕ ಓಡಿ ಬರ್ಲಿಲ್ಲ?"

"ನೀ ಅದೀಯಲ್ಲ," ಎಂದಳು ಅಸ್ಫಿಯಾ.

ಕಮರುನ್ನೀಸಾ ಮಗಳ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ, ಕೂಸಿನ ಒದ್ದೆ ತಲೆಗೆ ಗಲ್ಲ ಹಚ್ಚಿ, ಇಪ್ಪತ್ತನಾಲ್ಕು ವರ್ಷ ತಡೆದಿಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಕೂಸೂ ಅಳುತ್ತಿತ್ತಾದ್ದರಿಂದ ಹೊರಗೆ ಕೂತ ಗಂಡಸರಿಗೆ ಯಾರ ಅಳು ಯಾವುದೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, ಮೊಮ್ಮಗಳನ್ನು ಮತ್ತೆ ಕಾಲ ಮೇಲೆ ಬೋರಲು ಹಾಕಿಕೊಂಡಳು.

"ಬೆನ್ನು ಇನ್ನಾ ತೊಳೀಬೇಕು," ಎಂದಳು. "ನಿಂತು ನೋಡಬ್ಯಾಡ, ಗಾಡಿ ತಂದ ನಿನ್ ಗಂಡಗ ಹೋಗಂತ ಹೇಳಿ ಬಾ."